ಸೊಸಿ ಸೈಕಲ್ಲಿನ ಸೀಟು

ಸೈಕಲ್ ನೋಡಾಕ ಗಿರಾಕಿ ಸಂಜಿ ಐದೂವರಿಗೆ ಬರೋರಿದ್ರು. ಮುಂಜಾನಿ ಹತ್ತಕ್ಕ ನನಗ ಗೊತ್ತಾತು, ಆ ಸೈಕಲ್ ಕೆಡಿಸಿದಾಂವ ನಾನೇ ಅಂತ. ನಡುವಿನ ಏಳೂವರಿ ತಾಸು ನಾ ಹೆಂಗ ಕಳದ್ನಿ ಅನ್ನೋದನ್ನ ಇವತ್ತು ನೆನಸಿಕೊಂಡ್ರೂ ಅಂಗೈ ಬೆವರತಾವ.

ಸೈಕಲ್ ನನ್ನದಲ್ಲ, ನಮ್ಮ ಸೊಸೀದು. ಆಕಿ ಸರಕಾರಿ ಸಾಲ್ಯಾಗ ಆಟದ ಟೀಚರ್. ಲಗ್ನಾಗಿ ನಮ್ಮ ನವನಗರದ ಮನಿಗೆ ಬಂದು ಎಂಟು ವರ್ಷಾತು. ಮೂರು ವರ್ಷದ ಹಿಂದ ತನ್ನ ಪಗಾರದಾಗ ಯಾರೋ ಹೊಡದು ಬಿಟ್ಟ ಒಂದು ಕಾರ್ಬನ್ ಸೈಕಲ್ ತಗೊಂಡ್ಲು, ರೇಸಿನ ಮಂದಿ ಹೊಡೀತಾರಲ್ಲ, ಅಂಥಾದ್ದು. ಎರಡು ಬೆರಳಿಲೆ ಎತ್ತಬಹುದು, ಅಷ್ಟು ಹಗುರ. ದಿನಾ ಐದಕ್ಕ ಎದ್ದು ಅಮ್ಮಿನಬಾವಿತನಕ ಹೋಗಿ ಬರಾಕಿ. ಬಂದು ಜಳಕಾ ಮಾಡಿ, ರೊಟ್ಟಿ ಬಡದು, ಡಬ್ಬಿ ಕಟಗೊಂಡು ಸಾಲಿಗೆ. ಸೈಕಲ್ ಹೊಡದ ದಿನ ಆಕಿ ಅಡಗಿ ಮನ್ಯಾಗ ಸಣ್ಣಗ ಹಾಡಕೋತ ರೊಟ್ಟಿ ಬಡಿಯೋದು ಪಡಸಾಲಿತನಕ ಕೇಳತಿತ್ತು.

ನಾ ಒಂದು ಫ್ಯಾಕ್ಟರಿಯಾಗ ಮೂವತ್ತಮೂರು ವರ್ಷ ಫಿಟ್ಟರ್ ಆಗಿ ದುಡದು ರಿಟೈರ್ ಆದಾಂವ. ಯಾವ ಬೋಲ್ಟು ಎಷ್ಟು ಬಿಗೀಬೇಕು ಅನ್ನೋದು ನನ್ನ ಕೈಗೆ ಗೊತ್ತು. ಸಿಟ್ಟು ಮೂಗಿನ ತುದಿ ಮ್ಯಾಲ, ಅದು ಓಣಿಗೆಲ್ಲಾ ಗೊತ್ತು. ಮನ್ಯಾಗ ಮಿಕ್ಸರ್ ಕೆಟ್ರ ನಾ, ನಳ ಸೋರಿದ್ರ ನಾ. ಯಾರು ಕರೀಲಿ ಬಿಡ್ಲಿ, ಬೋಲ್ಟು ಬಿಗಿಯೋ ಪಾನಾ ಹಿಡಕೊಂಡು ಹಾಜರ.

ದೀಪಾವಳಿ ಹಿಂದ ಮುಂದ ಸೊಸಿಗೆ ಮೊಣಕಾಲು ನೋವು ಸುರು ಆತು. ಮೊದಮೊದಲು ಏರು ಹತ್ತುವಾಗ ಅಂತಿದ್ಲು, ಆಮ್ಯಾಲ ಮನಿ ಮೆಟ್ಟಲಾ ಹತ್ತಾಕೂ ಗೋಡಿ ಹಿಡಿಯಾಕತ್ತಿದ್ಲು. ವಿದ್ಯಾನಗರದ ಎಲುಬಿನ ಡಾಕ್ಟರ್ ಕಡೆ ಹೋಗಿ ಬಂದ್ಲು. ಅವರು ಒಂದು ತಿಂಗಳು ಸೈಕಲ್ ಬಿಡ್ರಿ ಅಂದ್ರಂತ, ಬಿಟ್ಲು. ನೋವು ಹೋತು. ಮತ್ತ ಹತ್ತಿದ್ಲು, ನಾಕು ದಿನಕ್ಕ ಮತ್ತ ಬಂತು. ಹಿಂಗ ಸಂಕ್ರಾಂತಿ ದಾಟ್ತು. ಒಂದಿನ ಊಟಕ್ಕ ಕುಂತಾಗ ನಾನೇ ಬಾಯಿ ಹಾಕಿದ್ನಿ.

"ಸಾಕು ಮಾಡವಾ ಇನ್ನ. ಮೂವತ್ತೈದು ದಾಟ್ತು. ಮಶೀನೇ ಸವೀತಾವ, ಮನಷಾ ಸವಿಯಂಗಿಲ್ಲೇನು? ಛಲೋ ಇದ್ದಾಗ ಮಾರಿ ಬಿಡು."

ಆಕಿ ನನಗ ಇನ್ನೊಂದು ರೊಟ್ಟಿ ಹಾಕಿದ್ಲು. "ಹೂಂ ರೀ ಮಾವಾರ" ಅಂದ್ಲು. ವಾರದೊಳಗ ಮೊಬೈಲಿನ್ಯಾಗ ಫೋಟೋ ಹಾಕಿದ್ಲು, ಧಾರವಾಡದ ಕಾಲೇಜ್ ಮಾಸ್ತರೊಬ್ಬರು ಶುಕ್ರವಾರ ಬಂದು ನೋಡತೇನಿ ಅಂದ್ರು. ಆ ವಾರೆಲ್ಲಾ ಅಡಗಿ ಮನಿ ಸುಮ್ಮಕಿತ್ತು.

ಗಿರಾಕಿ ಬರ್ತಾರಂದ್ರ ಸೈಕಲ್ ಥಳಥಳ ಅನಬೇಕಲ್ಲ. ಶುಕ್ರವಾರ ಆಕಿ ಸಾಲಿಗೆ ಹೋದಮ್ಯಾಲ ಅದನ್ನ ಅಂಗಳಕ್ಕ ತಂದು ಒರಸಾಕ ಕುಂತ್ನಿ. ಯಾರೂ ಹೇಳಿದ್ದಿಲ್ಲ. ಗಾಲಿ ಒರಸಿದ್ನಿ, ಚೈನು ಒರಸಿದ್ನಿ, ಏಳಾಕಂತ ಸೀಟಿನ ಮ್ಯಾಲ ಕೈ ಊರಿದ್ನಿ. ಸೀಟು ಕೆಳಗ ಹೋತು.

ಭಾಳ ಅಲ್ಲ, ಒಂದು ಅಕ್ಕಿ ಕಾಳಿನಷ್ಟು. ಆದ್ರ ಅಂಗೈಗೆ ತಿಳೀತು. ಮತ್ತ ಭಾರ ಹಾಕಿದ್ನಿ, ಮತ್ತೊಂದು ಕಾಳು ಇಳೀತು. ಸೀಟು ನಿಂತಿರೋದು ಒಂದು ಕರೀ ಕೊಳವಿ ಮ್ಯಾಲ. ಅದನ್ನ ಹಿಡಿಯೋ ಕ್ಲಾಂಪಿಗೆ ಒಂದೇ ಬೋಲ್ಟು. ಆ ಬೋಲ್ಟು ಸಡ್ಲ ಮಾಡಿ ಕೊಳವಿ ಎಳದ್ನಿ, ಬೆಣ್ಯಾಗಿನ ಕೂದಲಾ ತಗದಂಗ ಹೊರಗ ಬಂತು. ಮೂಗಿಗೆ ವಾಸನಿ ಬಡೀತು. ಮಶೀನ್ ಎಣ್ಣಿ, ಅದೂ ನನ್ನ ಕುಪ್ಪೀದು.

ದಸರಿಯಾಗಿಂದು ಅದು. ನಮ್ಮ ಫ್ಯಾಕ್ಟರಿಯಾಗ ಖಂಡೇಪೂಜಿ ಅಂದ್ರ ದೊಡ್ಡ ಹಬ್ಬ. ಹಿಂದಿನ ದಿನಾನೇ ಲೇಥು, ಡ್ರಿಲ್ಲು ಎಲ್ಲಾ ಬಿಚ್ಚಿ ತೊಳದು, ಎಣ್ಣಿ ಉಣಿಸಿ, ಕುಂಕುಮ ಹಚ್ಚಿ, ಚೆಂಡಹೂವಿನ ಮಾಲಿ ಹಾಕತಿದ್ವಿ. ಆವತ್ತೊಂದು ದಿನ ಯಾವ ಹತ್ಯಾರಾನೂ ಒಣಾ ಇರಬಾರದು ಅಂತಿದ್ದ ನಮ್ಮ ಹಿರೇ ಫಿಟ್ಟರ್. ರಿಟೈರ್ ಆದಮ್ಯಾಲ ಆ ಪೂಜಿ ಮನಿಗೆ ಬಂತು. ಈಳಗಿ, ಕತ್ತರಿ, ಹೊಲಿಗಿ ಮಶೀನು, ಸ್ಕೂಟರು. ಹೋದ ದಸರಿಗೆ ಸೊಸಿ ಸೈಕಲ್ಲಿಗೂ ಮಾಡೂಣಂತ ಮನಸಿಗೆ ಬಂತು. ಆಕಿ ತವರಿಗೆ ಹೋಗಿದ್ಲು, ನೋಡಿ ಖುಷಿ ಪಡಲಿ ಅಂದಕೊಂಡ್ನಿ. ಅರ್ಧ ದಿನಾ ಕುಂತು ಬಿಚ್ಚಿದ್ನಿ. ಸೀಟಿನ ಕೊಳವಿ ತಗದ್ರ ಒಣಾ ಒಣಾ, ಉಸುಕು ಮೆತ್ತಿದಂಗ ಗರಗರ ಅನ್ನಾಕತ್ತಿತ್ತು. ಅಯ್ಯ, ಎಣ್ಣಿ ಕಂಡು ಎಷ್ಟು ವರ್ಷಾತೋ ಏನೋ ಅಂತ ಮರುಗಿ, ಚಿಂದಿಲೆ ತಿಕ್ಕಿ ತಿಕ್ಕಿ ಆ ಉಸುಕೆಲ್ಲಾ ತಗದು, ಮಿರಿಮಿರಿ ಅನ್ನೋಹಂಗ ಎಣ್ಣಿ ಹಚ್ಚಿದ್ನಿ.

ಸೀಟಿನ ಎತ್ತರದ ಗುರ್ತಿಗೆ ಆಕಿ ಕೊಳವಿಗೆ ಸುತ್ತಿದ್ದ ಕರೀ ಟೇಪು ಹರದು ಜೋತಾಡತಿತ್ತು. ಅದನ್ನೂ ಕಿತ್ನಿ. ಹಂಗ ಬಿಚ್ಚೋಕಿಂತ ಮೊದ್ಲು ಅಳತಿ ತಗೊಂಡಿದ್ನಿ ಮತ್ತ, ಬರಕೊಳ್ಳದ ಬಿಚ್ಚೋ ಮಗ ನಾ ಅಲ್ಲ. ಸೀಟಿನ ನೆತ್ತಿಯಿಂದ ಪೆಡಲಿನ ನಡುಗೀಲದತನಕ ಎಷ್ಟು ಇಂಚು ಅಂತ ಹತ್ಯಾರದ ಕಪಾಟಿನ ಬಾಗಲಾ ಒಳಗ ಪೆನ್ಸಿಲಿಲೆ ಬರದು, ಅಷ್ಟಕ್ಕೇ ಸರಿಯಾಗಿ ಕೂಡಿಸಿ, ಕ್ಲಾಂಪಿನ ಮಗ್ಗಲಕ್ಕ ಹೊಸಾ ಹಳದಿ ಟೇಪು ಸುತ್ತಿದ್ನಿ. ಸೊಸಿ ಬಂದು ನೋಡಿ, "ಮಾವಾರ, ಹೊಸಾದಾದಂಗ ಆಗೇತ್ರೀ!" ಅಂದ್ಲು. ಮೂರು ದಿನಾ ನಾ ಎದಿ ಉಬ್ಬಿಸಿಕೊಂಡು ಅಡ್ಡಾಡಿದ್ನಿ.

ಈಗ ಆ ಹಳದಿ ಟೇಪಿಗೆ ಬೆರಳು ಹಚ್ಚಿದ್ನಿ. ಕೈಯಾಗಿನ ಬಳಿ ತಿರುಗಿದಂಗ ತಿರುಗಿತು. ಎಣ್ಣಿ ಮ್ಯಾಲ ಸುತ್ತಿದ ಟೇಪು ತನಗ ತಾನೇ ಅಂಟಿಕೊಂಡಿತ್ತು ಹೊರತು ಕೊಳವಿಗೆ ಅಂಟಿದ್ದಿಲ್ಲ. ಕೊಳವಿ ಕೆಳಗ ಇಳದಂಗ ಇಳದಂಗ ಕ್ಲಾಂಪು ಅದನ್ನ ಮ್ಯಾಲಕ್ಕ ನೂಕ್ಕೋತ ಬಂದಿತ್ತು. ಯಾವಾಗ ನೋಡಿದ್ರೂ ಟೇಪು ಕ್ಲಾಂಪಿನ ಮಗ್ಗಲಕ್ಕೇ ಇರತಿತ್ತು. ನೋಡಿದಾಕಿಗೆ ಸೀಟು ಇದ್ದಲ್ಲೇ ಐತಿ ಅನ್ನಿಸಬೇಕು, ಮತ್ತೇನು.

ಕಪಾಟಿನ ಬಾಗಲಾ ತಗದು ಇಂಚುಪಟ್ಟಿ ಹಿಡದ್ನಿ. ಒಂದು ಇಂಚಿನ ಮ್ಯಾಲ ಇಳದಿತ್ತು. ಅಷ್ಟು ತಗ್ಗಿನ ಸೀಟಿನ ಮ್ಯಾಲ ಮೊಣಕಾಲು ಮಡಚಿಕೊಂಡು ಆಕಿ ದಿನಾ ನಲವತ್ತು ಕಿಲೋಮೀಟರ್ ತುಳದಿದ್ಲು. ನೋವಾಗದ ಏನಾಗತೈತಿ? ಮತ್ತ ನಾ ಊಟಕ್ಕ ಕುಂತು ಆಕಿಗೇ ಬುದ್ಧಿ ಹೇಳಿದ್ನಿ, ಮನಷಾ ಸವೀತಾನ ಅಂತ! ತನ್ನ ಎಲ್ಯಾಗ ಹೆಗ್ಗಣ ಸತ್ತು ಬಿದ್ದಿದ್ರೂ ಮಂದಿ ಎಲ್ಯಾಗಿನ ನೊಣಾ ತೋರಸ್ತಾರಂತಲ್ಲ, ಅದು ನನಗೇ ಹೇಳಿದ ಮಾತು. ಕಪಾಟಿನ ಮುಂದ ಹಂಗ ನೆಲಕ್ಕ ಕುಂತ್ನಿ.

ಗಾಬರಿಯಾಗ ಮನಷಾ ಏನು ಮಾಡತಾನು, ತನಗ ಗೊತ್ತಿದ್ದದ್ದನ್ನೇ ಮಾಡತಾನು. ಕೊಳವಿ ಒರಸಿ ಒಳಗ ಹಾಕಿ ಬೋಲ್ಟು ಬಿಗದ್ನಿ. ಇಳೀತು. ಇನ್ನ ಅರ್ಧ ಸುತ್ತು ಜೋರಿಲೆ ಬಿಗದ್ನಿ. ಆದ್ರೂ ಇಳೀತು. ಕಡೀಕ ಸೋತು ವಿದ್ಯಾನಗರದ ಕಡೆ ಇಂಥಾ ಸೈಕಲ್ ರಿಪೇರಿ ಮಾಡೋ ಅಂಗಡಿಗೆ ಫೋನ್ ಹಚ್ಚಿದ್ನಿ.

"ಮನ್ಯಾಗ ಯಾರೋ ಸೀಟಿನ ಕೊಳವಿಗೆ ಎಣ್ಣಿ ಹಚ್ಚ್ಯಾರಪಾ" ಅಂದ್ನಿ.

"ಕಾರ್ಬನ್ನಿಗೆ ಎಣ್ಣಿ? ಯಾರ್ರಿ ಕಾಕಾರ ಆ ಪುಣ್ಯಾತ್ಮ?" ಅಂತ ಆ ಮೆಕ್ಯಾನಿಕ್ ನಕ್ಕ. ನಾ ನಗಲಿಲ್ಲ. ಅಂವ ಹೇಳಿದ, ಆ ಕೊಳವಿ ತಿಕ್ಕಾಟದ ಮ್ಯಾಲ ನಿಲ್ಲತೈತಿ, ಜಾರಬಾರದಂತ ಉಸುಕಿನಂಥಾ ಪೇಸ್ಟ್ ಹಚ್ಚಿರ್ತಾರ, ಎಣ್ಣಿ ತಾಕಿಸಬಾರದು. ನಾ ಚಿಂದಿಲೆ ತಿಕ್ಕಿ ತಗದದ್ದು ಹೊಲಸಲ್ಲ, ಅದೇ ಪೇಸ್ಟ್.

"ಬಿಗ್ಯಾಕ ಮಾತ್ರ ಹೋಗಬ್ಯಾಡ್ರಿ ಮತ್ತ. ಕಬ್ಬಿಣದಂಗ ಅಲ್ಲ ಇದು. ಜಾಸ್ತಿ ಬಿಗದ್ರ ಒಳಗ ಸೀಳತೈತಿ, ಹೊರಗ ಕಾಣಂಗಿಲ್ಲ. ಮುಂದ ಯಾವತ್ತೋ ರಸ್ತಾದಾಗ ಕುಂತಾಗ ಫಟ್ಟಂತ ಮುರೀತೈತಿ."

ನನಗ ಅರ್ಧ ಸುತ್ತು ನೆನಪಾತು. ಮೂವತ್ತಮೂರು ವರ್ಷ ಕಬ್ಬಿಣಾ ನನ್ನ ಕೂಡ ಮಾತಾಡೇತಿ. ಬಿಗೀಕೋತ ಹೋದಂಗ ಪಾನಾದಾಗ ಒಂದು ನಮೂನಿ ತಡೀತೈತಿ, ಸಾಕೋ ಮಾರಾಯಾ ಅಂತೈತಿ. ಈ ಕರೀ ಸಾಮಾನು ಅಂಗೈಗೆ ಏನಂದ್ರ ಏನೂ ಹೇಳಲಿಲ್ಲ. ನನ್ನ ಕೈಗೇ ತಿಳೀಲಿಲ್ಲ ಅಂದ್ರ ಅಂಜಿಕಿ ಬರಲಾರದ ಇರತೈತೇನು?

ಬಸ್ ಹಿಡದು ಹೋದ್ನಿ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲಾ ಮುಟ್ಟಿ ನೋಡಿಕೊಂಡಂಗ, ಬಸ್ಸಿನ್ಯಾಗ ಯಾರು ನನ್ನ ಕಡೆ ನೋಡಿದ್ರೂ ಮಾರಿ ತಿರುವತಿದ್ನಿ. ಮೆಕ್ಯಾನಿಕ್ ಉಸುಕಿನ ಪೇಸ್ಟ್ ಕೊಟ್ಟ, ಜೊತಿಗೆ ಒಂದು ಸಣ್ಣ ಪಾನಾ ಕೊಟ್ಟ. ಅಳತಿಗೆ ಬಂದಕೂಡ್ಲೇ ಟಕ್ ಅಂತ ಸಪ್ಪಳಾ ಮಾಡತೈತಿ, ಅಲ್ಲಿಗೆ ನಿಲ್ಲಸಬೇಕು, ಮುಂದ ಒಂದು ಎಳಿನೂ ತಿರುವಬಾರದು. "ಬ್ಯಾಟರಿ ಹಿಡದು ಕೊಳವಿ ನೋಡ್ರಿ. ಗೀಟಿನಂಗ ಏನರೆ ಕಂಡ್ರ ಯಾರನ್ನೂ ಕೂಡಸಬ್ಯಾಡ್ರಿ" ಅಂದ. ಹೊಳ್ಳಿ ಬರೂವಾಗ ಅದೊಂದೇ ಮಾತು ತಲ್ಯಾಗ ಕೊರ್ಯಾಕತ್ತಿತ್ತು.

ಮನಿಗೆ ಬಂದಾಗ ಎರಡು ಗಂಟಿ. ಊಟಾ ಬ್ಯಾಡ ಅಂದ್ನಿ. ಸ್ಪಿರಿಟ್ಟಿಲೆ ಕೊಳವಿ ಒರಸಿದ್ನಿ, ಚೌಕಟ್ಟಿನ ಒಳಗೂ ಕಡ್ಡಿಗೆ ಅರಬಿ ಸುತ್ತಿ ನಾಕು ಸಲ ಒರಸಿದ್ನಿ, ಬಿಳೀ ಅರಬಿ ಬಿಳೀದೇ ಹೊರಗ ಬರೋತನಕ. ಆಮ್ಯಾಲ ಬ್ಯಾಟರಿ ಹಿಡದ್ನಿ. ಕ್ಲಾಂಪ್ ಹಿಡಿಯೋ ಜಾಗಾದಾಗ ಒಂದು ಸಣ್ಣ ಬಿಳೀ ಗೀಟು.

ಯಪ್ಪಾ. ಕಾಲು ಕೆಡಿಸಿದ್ದು ಸಾಲದು ಅಂತ ಸೈಕಲ್ಲನೂ ಸೀಳಿದ್ನ್ಯಾ? ಉಗುರು ಹಚ್ಚಿ ಕೆರದ್ನಿ, ಉಗುರಿಗೆ ಏನೂ ತಡೀಲಿಲ್ಲ. ಕನ್ನಡಕಾ ಹಾಕ್ಕೊಂಡು ಮತ್ತ ಕೆರದ್ನಿ. ಗೀಟು ಉಗುರಿಗೆ ಅಂಟಿಕೊಂಡು ಬಂತು. ಅರಬಿ ದಾರದ ಎಳಿ ಅದು. ನಾ ಗೋಡಿಗೆ ತಲಿ ಆನಿಸಿ ಒಂದು ನಿಮಿಷ ಕಣ್ಣು ಮುಚ್ಚಿದ್ನಿ. ಮತ್ತ ಸುತ್ತೂ ಕಡೆ ಮೂರು ಸಲ ನೋಡಿದ್ನಿ, ಎಲ್ಲೂ ಏನೂ ಇದ್ದಿಲ್ಲ.

ಪೇಸ್ಟ್ ಹಚ್ಚಿ, ಕಪಾಟಿನ ಅಳತಿಗೆ ಕೂಡಿಸಿ, ಆ ಸಣ್ಣ ಪಾನಾ ಹಿಡದು ತಿರುವಿದ್ನಿ. ಕೈ ಇನ್ನೂ ಬೇಕು ಅಂತಿತ್ತು. ಪಾನಾ ಟಕ್ ಅಂತು. ನಿಲ್ಲಿಸಿದ್ನಿ. ಇಷ್ಟು ಸಡ್ಲ ಇಟ್ರ ಹೆಂಗ ನಿಲ್ಲತೈತಿ ಅಂತ ಜೀವಾ ಒಪ್ಪಲಿಲ್ಲ. ಪರೀಕ್ಷಾ ಮಾಡೇಬಿಡೂಣಂತ ಕಿಡಕಿ ಸರಳು ಹಿಡಕೊಂಡು ನಾನೇ ಸೀಟಿನ ಮ್ಯಾಲ ಹತ್ತಿದ್ನಿ, ಧೋತರಾ ಎತ್ತಿ ಕಟ್ಟಿ.

ನನ್ನ ಹೆಂಡತಿ ಹೊರಗ ಬಂದಾಕಿ ಎದಿ ಮ್ಯಾಲ ಕೈ ಇಟಗೊಂಡ್ಲು. "ಏನ್ರಿ ಇದು, ಈ ವಯಸ್ಸಿನ್ಯಾಗ ಸರ್ಕಸ್ಸು! ಬಿದ್ದು ಎಲುಬು ಮುರಕೊಂಡ್ರ ನಾ ನೋಡಂಗಿಲ್ಲ ಮತ್ತ."

ನಾ ಅಲ್ಲೇ ಸರಳಿಗೆ ಜೋತು ಬಿದ್ದಂಗ ಕುಂತು ಎಲ್ಲಾ ಹೇಳಿದ್ನಿ. ಆಕಿ ಕೇಳಿದ್ಲು. ಒಳಗ ಹೋಗಿ ನನಗ ನೀರು ತಂದ್ಲು.

"ಸುಮ್ಮಕಿರ್ರಿ. ಆಗಿದ್ದಾತು. ಈಗ ಸೀಟು ನೆಟ್ಟಗಾತಲ್ಲ, ತಗೊಳ್ಳಾಂವಗ ಮೋಸ ಇಲ್ಲ. ಕತ್ತಲಾಗ ಲಾರಿ ನಡುವ ಆಕಿ ಹೋಗತಾಳಂತ ದಿನಾ ನಾ ಜೀವಾ ಅಂಗೈಯಾಗ ಹಿಡಕೊಂಡು ಕುಂದರತಿದ್ನಿ. ಮಾರಲಿ ಬಿಡ್ರಿ. ನೀವು ಹೇಳದಿದ್ರ ಯಾರಿಗೆ ಗೊತ್ತಾಗತೈತಿ?"

ಖರೇ ಹೇಳತೇನಿ, ಆ ಮಾತು ನನಗ ಭಾಳ ಹಿತಾ ಅನಿಸ್ತು. ಯಾರಿಗೂ ಗೊತ್ತಾಗಂಗಿಲ್ಲ. ಐದು ಗಂಟಿತನಕ ಅದನ್ನೇ ಹಿಡಕೊಂಡು ಕುಂತ್ನಿ. ಸೀಟು ಇಳದಿದ್ದಿಲ್ಲ. ಹತ್ತು ಸಲ ಅಳದು ನೋಡಿದ್ನಿ.

ಗಿರಾಕಿ ಹತ್ತು ನಿಮಿಷ ಮೊದ್ಲೇ ಬಂದ್ರು, ಛಲೋ ಮನಷಾ, ನಲವತ್ತರ ಆಸುಪಾಸು. ಸೊಸಿ ಆಗಿನ್ನೂ ಸಾಲಿಯಿಂದ ಬಂದಿದ್ಲು, ಹೆಗಲಾಗಿನ ಬ್ಯಾಗೂ ಇಳಿಸಿದ್ದಿಲ್ಲ. ಸೈಕಲ್ ಕಡೆ ನೋಡಲಾರದೇ ಮಾತಾಡಾಕತ್ತಿದ್ಲು. ಅವರು ಕೇಳಿದ್ರು, "ಮೇಡಂ, ತಪ್ಪು ತಿಳೀಬ್ಯಾಡ್ರಿ, ಇಷ್ಟು ಛಲೋ ಸೈಕಲ್ ಯಾಕ ಮಾರಾಕತ್ತೀರಿ? ಏನರೆ ತ್ರಾಸ ಐತೇನು?"

"ಸೈಕಲ್ಲಿಗೆ ಏನೂ ತ್ರಾಸಿಲ್ರಿ ಸರ" ಅಂದ್ಲು. "ತ್ರಾಸ ನನ್ನ ಕಾಲಿಗೆ."

ನಗಕೋತನೇ ಅಂದ್ಲು. ಅವರು ಹ್ಯಾಂಡಲ್ಲಿಗೆ ಕೈ ಹಾಕಿದ್ರು.

"ತಡೀರಿ!" ಅಂದ್ನಿ. ಎಲ್ಲಾರೂ ನನ್ನ ಕಡೆ ನೋಡಿದ್ರು. ಹೆಂಡತಿ ಕಣ್ಣಿಲೆ ಬ್ಯಾಡ ಬ್ಯಾಡ ಅಂದ್ಲು. "ಮೊದ್ಲು ನೀ ಒಂದು ಸಲ ಹತ್ತವಾ."

"ನಾನ್ಯಾಕ್ರಿ ಮಾವಾರ? ಬ್ಯಾಡ್ರಿ."

"ಹತ್ತು ಅಂದ್ರ ಹತ್ತು!" ಅಂತ ಒದರಿದ್ನಿ. ನನಗ ಬೈಯಾಕ ಬರತೈತಿ, ಬೇಡಿಕೊಳ್ಳಾಕ ಬರಂಗಿಲ್ಲ. ಆಕಿ ಬ್ಯಾಗು ಕಟ್ಟಿಮ್ಯಾಲ ಇಟ್ಟು, ಚೂಡಿದಾರದ ಓಢಣಿ ನಡಕ್ಕ ಕಟ್ಟಿ ಹತ್ತಿದ್ಲು. ಓಣಿ ತುದೀತನಕ ಹೋದ್ಲು. ಹೊಳ್ಳಿದ್ಲು. ಬಂದು ಗೇಟಿನ ಮುಂದ ನಿಂತಾಗ ಆಕಿ ಬೂಟಿನ ತುದಿ ಅಷ್ಟು ನೆಲಕ್ಕ ತಾಕಿತ್ತು. ಕಾಲ ಕಡೆ ನೋಡಿದ್ಲು. ಕ್ಲಾಂಪಿನಿಂದ ಒಂದು ಇಂಚು ಮ್ಯಾಲ ಉಳದಿದ್ದ ಹಳದಿ ಟೇಪಿನ ಕಡೆ ನೋಡಿದ್ಲು.

"ಸೀಟು ಯಾರು ಎತ್ತರ ಮಾಡಿದ್ರು?"

"ಎತ್ತರ ಆಗಿಲ್ಲ ಅದು. ಮೊದಲ ಎಷ್ಟಿತ್ತೋ ಅಷ್ಟೇ ಐತಿ" ಅಂದ್ನಿ. ಹೇಳಾಕ ಸುರು ಮಾಡಿದಾಂವ ನಿಲ್ಲಲಿಲ್ಲ. ಖಂಡೇಪೂಜಿ, ಎಣ್ಣಿ, ಟೇಪು, ಇಂಚು, ಎಲ್ಲಾ ಹಿಂದ ಮುಂದ ಮಾಡಿ ಹೇಳಿದ್ನಿ. "ನಿನ್ನ ಕಾಲು ಸವದಿದ್ದಿಲ್ಲವಾ. ನಾ ಕೆಡಿಸಿದ್ನಿ."

ಆಕಿ ಮಾರಿ ಕೆಂಪಾತು, ತುಟಿ ಬಿಗಿ ಹಿಡದ್ಲು. ಪೆಡಲ್ ಮ್ಯಾಲ ಕಾಲಿಟ್ಟು ಮೇನ್ ರೋಡಿನ ಕಡೆ ಹೋಗಿಬಿಟ್ಲು.

ಮಾಸ್ತರಿಗೆ ಚಹಾ ಕೊಟ್ವಿ. ಅವರು ಕುಡದು, ಮುಕ್ಕಾಲು ತಾಸು ಕಾದು, "ಮೇಡಮ್ಮಾರು ಮಾರೋ ಹಂಗ ಕಾಣವಲ್ದು ಬಿಡ್ರಿ" ಅಂತ ಎದ್ದು ಹೋದ್ರು. ಹೊತ್ತು ಮುಳುಗ್ತು. ನಾನು ಗೇಟಿಗೆ ಬರೋದು, ಒಳಗ ಹೋಗೋದು. ಲಾರಿ ಹಾರ್ನ್ ಕೇಳಿದ್ರ ಎದಿ ಹಾರತಿತ್ತು. ಅರ್ಧ ಸುತ್ತು ಬಿಗದಿದ್ನಲ್ಲ, ಕಾಣದಂಗ ಒಳಗ ಸೀಳಿದ್ರ? ಹೆಂಡತಿ ಏನರೆ ಅನಲಿ ಅಂತ ಕಾಯಾಕತ್ತಿದ್ನಿ, ಆಕಿ ದೇವರ ಮುಂದ ದೀಪಾ ಹಚ್ಚಿದ್ಲು.

ಬಂದ್ಲು. ಸೊಸಿ ಬೆವತು ತೊಯ್ದಿದ್ಲು. ಸೈಕಲ್ ಎತ್ತಿ ಕಟ್ಟಿಮ್ಯಾಲ ತಂದು ಗೋಡಿಗೆ ನಿಲ್ಲಿಸಿ, ಮೆಟ್ಟಲಾ ಮ್ಯಾಲ ಕುಂತು ಬೂಟಿನ ದಾರಾ ಬಿಚ್ಚಾಕತ್ತಿದ್ಲು.

"ಕಾಲು?" ಅಂದ್ನಿ.

"ಏನೂ ಆಗ್ಲಿಲ್ರಿ."

"ಬೈಯವಾ ನನ್ನ. ಬೈದು ಬಿಡು, ನನಗೂ ಹಗುರಾಗತೈತಿ."

ಆಕಿ ತಲಿ ಎತ್ತಲಿಲ್ಲ. "ಡಾಕ್ಟರು ಮೊದಲನೇ ದಿನಾನೇ ಕೇಳಿದ್ರು ಮಾವಾರ. ಸೀಟು ಇಳದಿರಬೇಕು, ಒಮ್ಮೆ ಅಳದು ನೋಡ್ರಿ ಅಂದ್ರು. ನಾ ಏನಂದ್ನಿ ಗೊತ್ತೇನ್ರಿ?"

ಇನ್ನೊಂದು ಬೂಟಿನ ದಾರಾ ಎಳದ್ಲು.

"ಅಳೆಯೋದು ಬ್ಯಾಡ್ರಿ ಸರ, ಅದು ನಮ್ಮ ಮಾವಾರು ಕೂಡಿಸಿದ್ದು, ಕೂದಲೆಳಿಯಷ್ಟೂ ಹೆಚ್ಚು ಕಡಿಮಿ ಆಗಂಗಿಲ್ಲ ಅಂದ್ನಿ."

ಬೂಟು ಮಗ್ಗಲಕ್ಕ ಇಟ್ಲು. ಎದ್ದು ನಿಂತು ಕೈ ಚಾಚಿದ್ಲು. "ಇಂಚುಪಟ್ಟಿ ಕೊಡ್ರಿ."

ಕೊಟ್ನಿ. ಎಷ್ಟು ಇಂಚು ಇರಬೇಕಂತ ಕೇಳಿದ್ಲು, ಹೇಳಿದ್ನಿ. ನಾ ಬ್ಯಾಟರಿ ಹಿಡಕೊಂಡು ನಿಂತ್ನಿ, ಆಕಿ ಬಗ್ಗಿ ಅಳದ್ಲು. ಎರಡು ಸಲ ಅಳದ್ಲು.